ಕಲ್ಲಿನ ಬುಡದಲ್ಲೊಂದು ಸಹಿ: ರೂವಾರಿ ಮಲ್ಲಿತಮ್ಮನ ಅರವತ್ತು ವರ್ಷ



‘ರೂವಾರಿ’ ಎಂಬ ಮಾತು ಪತ್ರಿಕೆ ಓದುವ ಎಲ್ಲರಿಗೂ ಪರಿಚಿತ. ಗೆದ್ದ ಚುನಾವಣೆಗೊಬ್ಬ ರೂವಾರಿ, ಕಟ್ಟಿದ ಅಣೆಕಟ್ಟೆಗೊಬ್ಬ ರೂವಾರಿ, ಕೆಲವೊಮ್ಮೆ ಸರ್ಕಾರ ಬೀಳಿಸಿದ್ದಕ್ಕೂ ಒಬ್ಬ ರೂವಾರಿ. ಯೋಜನೆ ಹಾಕಿದವನು, ಹಿಂದೆ ನಿಂತು ನಡೆಸಿದವನು ಎಂಬ ಅರ್ಥ ಈಗ ಅದಕ್ಕೆ ಬಂದುಬಿಟ್ಟಿದೆ. ಮಾತಿನ ಮೂಲ ಮಾತ್ರ ಬೇರೆ. ರೂಪವನ್ನು ಮಾಡುವವನು ರೂಪಕಾರಿ. ಆ ಪದವೇ ಕನ್ನಡಿಗರ ಬಾಯಲ್ಲಿ ಸವೆದು ರೂವಾರಿಯಾಯಿತು. ಎಂಟು ನೂರು ವರ್ಷಗಳ ಹಿಂದೆ ರೂವಾರಿ ಎಂದರೆ ಹಿಂದೆ ನಿಂತವನಲ್ಲ, ಕಲ್ಲಿನ ಮುಂದೆ ಕುಳಿತವನು. ಉಳಿ, ಸುತ್ತಿಗೆ ಹಿಡಿದು ವಿಗ್ರಹ ಕಡೆಯುತ್ತಿದ್ದವನು.

ಅಂಥ ಒಬ್ಬ ರೂವಾರಿಯ ಬದುಕೇ ಈ ಹೊತ್ತಿನ ವಿಷಯ. ಅವನ ಹೆಸರು ಮಲ್ಲಿತಮ್ಮ. ಹನ್ನೆರಡನೆಯ ಶತಮಾನದ ಕೊನೆಯಿಂದ ಹದಿಮೂರನೆಯ ಶತಮಾನದ ನಡುಗಾಲ ದಾಟುವವರೆಗೆ, ಹೊಯ್ಸಳರ ನಾಡಿನ ಹಲವು ದೇವಾಲಯಗಳಲ್ಲಿ ಈ ಹೆಸರು ಮತ್ತೆ ಮತ್ತೆ ಕಾಣಿಸುತ್ತದೆ. ಅರಸೀಕೆರೆ ತಾಲ್ಲೂಕಿನ ಎರಡು ಊರುಗಳು, ಹಾರನಹಳ್ಳಿ ಮತ್ತು ಜಾವಗಲ್, ಆ ಪಟ್ಟಿಯಲ್ಲಿವೆ. ಅವನ ಬದುಕಿನ ಕಥೆಯನ್ನು ನಮಗೆ ತಲುಪಿಸಿರುವುದು ಕಾವ್ಯವಲ್ಲ, ರಾಜನ ಪ್ರಶಸ್ತಿಯೂ ಅಲ್ಲ. ವಿಗ್ರಹಗಳ ಪೀಠದ ಮೇಲೆ ಅವನೇ ಕೊರೆದಿಟ್ಟ ಪುಟ್ಟ ಪುಟ್ಟ ಅಕ್ಷರಗಳು. ಒಬ್ಬ ಕಲಾವಿದ ಜೀವನವಿಡೀ ಯಾಕೆ ಕಲೆಯನ್ನು ಮಾಡುತ್ತಾನೆ ಎಂಬ ಪ್ರಶ್ನೆಗೆ ಆ ಅಕ್ಷರಗಳಲ್ಲಿ ಒಂದು ಉತ್ತರ ಸಿಗುತ್ತದೆಯೇ ಎಂದು ನೋಡಬೇಕಾಗಿದೆ.

ಆದರೆ ಹೊಯ್ಸಳ ಶಿಲ್ಪಿ ಎಂದೊಡನೆ ಕನ್ನಡಿಗರ ನಾಲಿಗೆಗೆ ಬರುವ ಹೆಸರು ಮಲ್ಲಿತಮ್ಮನದಲ್ಲ, ಜಕಣಾಚಾರಿಯದು. ಆ ಕಥೆ ಗೊತ್ತಿಲ್ಲದವರಾರು? ಕಲೆಯ ಹುಚ್ಚು ಹತ್ತಿ ಹೆಂಡತಿಯನ್ನು ಬಿಟ್ಟು ಹೊರಟ ಜಕಣ. ಬೇಲೂರಿನಲ್ಲಿ ಅವನು ಕಡೆದ ವಿಗ್ರಹದಲ್ಲಿ ದೋಷವಿದೆ ಎಂದು ತೋರಿಸಿದ ತರುಣ ಡಂಕಣ. ಪರೀಕ್ಷಿಸಿದಾಗ ಕಲ್ಲಿನ ಹೊಟ್ಟೆಯಿಂದ ಹೊರಬಂದ ಕಪ್ಪೆ. ಆಡಿದ ಮಾತಿಗೆ ತಪ್ಪದೆ ತನ್ನ ಬಲಗೈಯನ್ನೇ ಕತ್ತರಿಸಿಕೊಂಡ ಶಿಲ್ಪಿ. ಆ ತರುಣ ತನ್ನ ಮಗನೇ ಎಂದು ತಿಳಿದ ಗಳಿಗೆ. ಕೊನೆಗೆ ತುಮಕೂರಿನ ಬಳಿಯ ಕೈದಾಳದಲ್ಲಿ ಚೆನ್ನಿಗರಾಯನ ಕೃಪೆಯಿಂದ ಕೈ ಮರಳಿ ಬಂದದ್ದು. ಬೇಲೂರಿನ ಕಪ್ಪೆ ಚೆನ್ನಿಗರಾಯನನ್ನು ಈಗಲೂ ಮಾರ್ಗದರ್ಶಿಗಳು ಈ ಕಥೆಯೊಂದಿಗೇ ತೋರಿಸುತ್ತಾರೆ. 1964ರಲ್ಲಿ ಬಿ.ಎಸ್. ರಂಗಾ ನಿರ್ದೇಶಿಸಿದ ‘ಅಮರಶಿಲ್ಪಿ ಜಕಣಾಚಾರಿ’ ಕನ್ನಡದ ಮೊದಲ ಪೂರ್ಣ ವರ್ಣಚಿತ್ರವಾಗಿ ಬಂದು ಕಥೆಯನ್ನು ಮನೆಮನೆಗೆ ಮುಟ್ಟಿಸಿತು. ರಾಜ್ಯ ಸರ್ಕಾರ ಶಿಲ್ಪಿಗಳಿಗೆ ಕೊಡುವ ಪ್ರಶಸ್ತಿಯೂ ಜಕಣಾಚಾರಿಯ ಹೆಸರಿನದೇ.

ಕಥೆ ಸುಳ್ಳೋ ನಿಜವೋ ಎಂಬ ಜಗಳ ಇಲ್ಲಿ ಬೇಡ. ಜನಪದದ ಕಥೆಗೆ ಅದರದೇ ಸತ್ಯವಿರುತ್ತದೆ. ಕೈ ಹೋದರೂ ಮಾತು ಉಳಿಸಿಕೊಂಡವನು, ತಂದೆಯ ತಪ್ಪನ್ನು ಮಗನೇ ತೋರಿಸಿದವನು: ಕಲೆಗಿಂತ ದೊಡ್ಡವರಿಲ್ಲ ಎಂದು ಹೇಳುವುದಕ್ಕೆ ನಾಡು ಕಟ್ಟಿಕೊಂಡ ಕಥೆ ಅದು. ಒಂದು ಸಂಗತಿಯನ್ನಷ್ಟೇ ಗಮನಿಸಬೇಕು. ಬೇಲೂರಿನಲ್ಲಿ ಶಿಲ್ಪಿಗಳು ಕೆತ್ತಿಟ್ಟ ಸಹಿಗಳು ಹಲವಾರಿವೆ. ಅವುಗಳ ನಡುವೆ ಜಕಣನ ಹೆಸರು ಇಲ್ಲ. ಜನ ನೆನಪಿಟ್ಟವನ ಸಹಿ ಕಲ್ಲಿನಲ್ಲಿಲ್ಲ. ಕಲ್ಲಿನಲ್ಲಿ ಸಹಿಯಿಟ್ಟವರನ್ನು ಜನ ನೆನಪಿಟ್ಟಿಲ್ಲ. ಈ ವಿಚಿತ್ರವೇ ಮಲ್ಲಿತಮ್ಮನತ್ತ ತಿರುಗಿ ನೋಡಲು ಸಾಕಷ್ಟು ಕಾರಣ.

ಭಾರತದ ಪ್ರಾಚೀನ ಕಲಾವಿದ ಹೆಸರಿಲ್ಲದವನು, ತನ್ನನ್ನು ದೇವರಲ್ಲಿ ಕರಗಿಸಿಕೊಂಡವನು, ಆದ್ದರಿಂದಲೇ ಸಹಿ ಹಾಕಲಿಲ್ಲ ಎಂಬ ಮಾತು ಇಪ್ಪತ್ತನೆಯ ಶತಮಾನದ ಆರಂಭದಿಂದಲೂ ಕೇಳಿಬರುತ್ತದೆ. ಆನಂದ ಕುಮಾರಸ್ವಾಮಿಯವರಂಥ ದೊಡ್ಡ ಕಲಾಚಿಂತಕರು ಈ ಅನಾಮಿಕತೆಯನ್ನು ಒಂದು ಮೌಲ್ಯವಾಗಿಯೇ ಕಂಡರು. ಅಜಂತಾ, ಎಲ್ಲೋರಾಗಳ ಮಟ್ಟಿಗೆ ಈ ಮಾತು ಬಹುಮಟ್ಟಿಗೆ ಒಪ್ಪುತ್ತದೆ. ಹೊಯ್ಸಳರ ನಾಡಿಗೆ ಬಂದರೆ ಮಾತ್ರ ಇದು ಕಾಲೂರುವುದಿಲ್ಲ.

ಬೇಲೂರನ್ನೇ ತೆಗೆದುಕೊಳ್ಳಿ. ವಿಷ್ಣುವರ್ಧನ 1117ರಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿದ. ಇಂದು ಚೆನ್ನಕೇಶವ ಎಂದು ಪೂಜೆಗೊಳ್ಳುವ ದೇವರು ಅವನೇ. ಆ ಹೊತ್ತಿಗೆ ಹೊಯ್ಸಳರು ಕಲ್ಯಾಣದ ಚಾಲುಕ್ಯರ ಸಾಮಂತರು. ಆದರೆ ಸ್ವತಂತ್ರ ಅರಸರಂತೆ ತಲೆಯೆತ್ತುವ ಹಂಬಲ ಇದ್ದವರು. ಅಂಥ ದೊಡ್ಡ ಗುಡಿಯನ್ನು ಕಟ್ಟಬೇಕಾದರೆ ಪಳಗಿದ ಕೈಗಳು ಬೇಕು. ಅವು ಬಂದದ್ದು ಉತ್ತರದ ಚಾಲುಕ್ಯ ಸೀಮೆಯಿಂದ. ಇಂದಿನ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಿಂದ ದಾಸೋಜ ಬಂದ, ಅವನ ಜೊತೆ ಮಗ ಚಾವಣ ಬಂದ. ಗದಗದಿಂದ ನಾಗೋಜ ಬಂದ. ಗುಡಿಯ ಸೂರಿನ ಕೆಳಗೆ ಒರಗಿ ನಿಂತಿರುವ ಮದನಿಕೆಯರಲ್ಲಿ ನಾಲ್ಕು ದಾಸೋಜನವು, ಐದು ಚಾವಣನವು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಅಪ್ಪನಿಗಿಂತ ಮಗನದು ಒಂದು ಹೆಚ್ಚು!

ಈ ಬೇಲೂರಿನ ಸಹಿಗಳು ನಾಚಿಕೆಯ ಸಹಿಗಳಲ್ಲ. ಅವುಗಳಲ್ಲಿ ಶಿಲ್ಪಿಯ ಹೆಸರಿದೆ, ತಂದೆಯ ಹೆಸರಿದೆ, ಊರಿನ ಹೆಸರಿದೆ, ಮೇಲೆ ಬಿರುದೂ ಇದೆ. ಬಿರುದು ಹೊತ್ತ ಶಿಲ್ಪಿಗಳೆಂಬ ಮನ್ಮಥನಿಗೆ ತಾನು ಶಿವ ಎಂಬ ಅರ್ಥದ ಬಿರುದು ಚಾವಣನದು. ಎದುರಾಳಿ ಶಿಲ್ಪಿಗಳನ್ನೆಲ್ಲ ಸುಟ್ಟು ಬೂದಿ ಮಾಡುವವನು ಎಂದಂತಾಯಿತು. ಯುದ್ಧ ಗೆದ್ದ ಸಾಮಂತ ಹಾಕಿಕೊಳ್ಳುವ ಬಿರುದಿನ ಧಾಟಿಯನ್ನೇ ಉಳಿ ಹಿಡಿದವರೂ ಎರವಲು ಪಡೆದರು. ಪರಊರಿನಿಂದ ಬಂದು ರಾಜನ ಗುಡಿಯಲ್ಲಿ ಒಬ್ಬರ ಪಕ್ಕ ಒಬ್ಬರು ಕೆಲಸ ಮಾಡುವಾಗ ಪೈಪೋಟಿ ಇಲ್ಲದೆ ಇದ್ದೀತೇ? ದಾಸೋಜ, ಚಾವಣರು ಯಾಕೆ ಕಡೆದರು ಎಂದು ಕೇಳಿದರೆ ಬೇಲೂರಿನ ಕಲ್ಲು ಕೊಡುವ ಉತ್ತರ ನೇರವಾದುದು: ತಾವು ಎಲ್ಲರಿಗಿಂತ ಮೇಲು ಎಂದು ತೋರಿಸುವುದಕ್ಕೆ.

ಬೇಲೂರಿನಿಂದ ಹಳೇಬೀಡು ಹದಿನಾರು ಕಿಲೋಮೀಟರು. ಅಂದಿನ ದೋರಸಮುದ್ರ, ಹೊಯ್ಸಳರ ರಾಜಧಾನಿ. ಹೊಯ್ಸಳೇಶ್ವರನ ಗುಡಿಯ ಕೆಲಸ 1121ರ ಹೊತ್ತಿಗೆ ಆರಂಭವಾಗಿ ದಶಕಗಳ ಕಾಲ ನಡೆಯಿತು. ವಿಷ್ಣುವರ್ಧನ ಹೋಗಿ ಅವನ ಮಗ ಒಂದನೆಯ ನರಸಿಂಹನ ಕಾಲ ಬಂದಾಗಲೂ ಉಳಿಯ ಸದ್ದು ನಿಂತಿರಲಿಲ್ಲ. ನರಸಿಂಹನ ಕಾಲದ ಮುಖ್ಯ ಶಿಲ್ಪಿ ಕೇದಾರೋಜನ ಹೆಸರು ಅಲ್ಲಿನ ಬರಹದಲ್ಲಿ ಉಳಿದಿದೆ. ಬೇರೆ ಶಿಲ್ಪಿಗಳ ಹೆಸರುಗಳೂ ಗೋಡೆಯುದ್ದಕ್ಕೂ ಇವೆ. ಹೀಗೆ ಒಂದು ತಲೆಮಾರು ಬೇಲೂರಿನಲ್ಲಿ, ಇನ್ನೆರಡು ತಲೆಮಾರು ಹಳೇಬೀಡಿನಲ್ಲಿ ಕೈ ಪಳಗಿಸಿಕೊಂಡ ಮೇಲೆ, ಹೊರಗಿನಿಂದ ಬಂದ ವಿದ್ಯೆ ಈ ನೆಲದ್ದೇ ಆಯಿತು. ಆ ನಂತರ ಬಂದವನು ಮಲ್ಲಿತಮ್ಮ.

ಅವನ ಹೆಸರು ಮೊದಲು ಕಾಣುವುದು ತರೀಕೆರೆ ಬಳಿಯ ಅಮೃತಾಪುರದಲ್ಲಿ. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮಿತಯ್ಯ 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯ ಅದು. ಅದರ ತೆರೆದ ಮಂಟಪದ ಹೊರಗೋಡೆಯಲ್ಲಿ 140 ಫಲಕಗಳಿವೆ. ದಕ್ಷಿಣಕ್ಕೆ 70 ಫಲಕಗಳಲ್ಲಿ ರಾಮಾಯಣ, ಉತ್ತರಕ್ಕೆ 25ರಲ್ಲಿ ಕೃಷ್ಣನ ಕಥೆ, ಮಿಕ್ಕ 45ರಲ್ಲಿ ಮಹಾಭಾರತ. ಮಂಟಪದೊಳಗೆ ಕತ್ತೆತ್ತಿ ನೋಡಿದರೆ ಗುಮ್ಮಟದಂತೆ ಒಳಬಾಗಿದ ಛಾವಣಿಗಳು. ಮಲ್ಲಿತಮ್ಮನ ವೃತ್ತಿಜೀವನ ಆರಂಭವಾದದ್ದು ಈ ಛಾವಣಿಗಳ ಕೆಲಸದಿಂದ ಎಂದು ಕಲಾ ಇತಿಹಾಸಕಾರರು ಹೇಳುತ್ತಾರೆ. ಹೊಸಬನಿಗೆ ಅದು ಸಲ್ಲುವ ಕೆಲಸವೇ. ಎಲ್ಲರ ಕಣ್ಣಿಗೂ ನೇರ ಬೀಳುವ ಗೋಡೆಯಲ್ಲ. ಆದರೆ ತಪ್ಪಿದರೆ ಮುಚ್ಚಿಡಲಾಗದ ಜಾಗ.

ಅಮೃತಾಪುರದಲ್ಲಿ ಇನ್ನೊಬ್ಬನ ಕೈವಾಡವೂ ಇದೆ. ಗುಡಿಯ ದೊಡ್ಡ ಶಿಲಾಶಾಸನದಲ್ಲಿರುವ ಪದ್ಯಗಳು ಜನ್ನ ಕವಿಯವು. ಮುಂದೆ 1209ರಲ್ಲಿ ‘ಯಶೋಧರ ಚರಿತೆ’ ಬರೆದು, ಬಲ್ಲಾಳನ ಆಸ್ಥಾನದಲ್ಲಿ ಕವಿಚಕ್ರವರ್ತಿ ಎನಿಸಿಕೊಂಡವನು ಜನ್ನ. ಒಂದೇ ಗುಡಿಯ ಅಂಗಳ; ಒಬ್ಬ ಮಾತು ಕಡೆದ, ಇನ್ನೊಬ್ಬ ಕಲ್ಲು ಕಡೆದ. ಜನ್ನನ ತಂದೆ ಯಾರು, ಸೋದರಳಿಯ ಯಾರು, ಬಿರುದು ಏನು ಎಂದು ಇಂದಿನ ಕಾಲೇಜು ವಿದ್ಯಾರ್ಥಿಗೂ ಗೊತ್ತು. ಮಲ್ಲಿತಮ್ಮನ ಹೆಸರನ್ನು ಯಾವ ಪರೀಕ್ಷೆಯಲ್ಲಿ ಕೇಳುತ್ತಾರೆ? ಕವಿಗೆ ತನ್ನ ಬಗ್ಗೆ ಹೇಳಿಕೊಳ್ಳಲು ಕಾವ್ಯದ ಪೀಠಿಕೆ ಇತ್ತು. ರೂವಾರಿಗೆ ಇದ್ದದ್ದು ವಿಗ್ರಹದ ಪೀಠ ಮಾತ್ರ, ಅದೂ ಬೆರಳಗಲದಷ್ಟು.

ಅಮೃತಾಪುರದಿಂದ ಮುಂದೆ ಮಲ್ಲಿತಮ್ಮನ ದಾರಿ ದಕ್ಷಿಣಕ್ಕೂ ಪೂರ್ವಕ್ಕೂ ಹರಡುತ್ತದೆ. ಮಂಡ್ಯ ಜಿಲ್ಲೆ ಕೆ.ಆರ್. ಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯ ಪಂಚಲಿಂಗೇಶ್ವರ ಗುಡಿಯಲ್ಲಿ ಅವನ ಹೆಸರಿದೆ. 1234ರ ಹೊತ್ತಿಗೆ ಅವನು ಅರಸೀಕೆರೆ ಸೀಮೆಯಲ್ಲಿ, ಹಾರನಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಕೆಲಸದಲ್ಲಿದ್ದಾನೆ. 1246ರಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ. 1250ರ ಆಸುಪಾಸಿನಲ್ಲಿ ಜಾವಗಲ್. ಕೊನೆಗೆ ಕಾವೇರಿ ದಂಡೆಯ ಸೋಮನಾಥಪುರ. ಆ ಗುಡಿಯ ಕಾಲವನ್ನು ಕೆಲವರು 1258 ಎನ್ನುತ್ತಾರೆ, ಕೆಲವರು 1268 ಎನ್ನುತ್ತಾರೆ. ಯಾವುದನ್ನು ಹಿಡಿದರೂ ಮೊದಲ ಸಹಿಗೂ ಕೊನೆಯ ಸಹಿಗೂ ನಡುವೆ ಅರವತ್ತು ವರ್ಷಕ್ಕೆ ಕಡಿಮೆಯಿಲ್ಲ. ಈ ನಡುವೆ ಇಮ್ಮಡಿ ಬಲ್ಲಾಳ, ಇಮ್ಮಡಿ ನರಸಿಂಹ, ಸೋಮೇಶ್ವರ, ಮುಮ್ಮಡಿ ನರಸಿಂಹ ಎಂದು ನಾಲ್ವರು ಅರಸರು ಸಿಂಹಾಸನದಲ್ಲಿದ್ದರು. ಅರಸರು ಬದಲಾದರು, ರೂವಾರಿ ಬದಲಾಗಲಿಲ್ಲ.

ಇಷ್ಟು ದೀರ್ಘ ಕಾಲ ಒಬ್ಬನೇ ಮನುಷ್ಯ ಕೆಲಸ ಮಾಡಿದ್ದು ಸಾಧ್ಯವೇ ಎಂಬ ಸಂದೇಹ ಬರುವುದು ಸಹಜ. ಒಂದೇ ಹೆಸರಿನ ಇಬ್ಬರಿದ್ದಿರಬಹುದು. ತಾತನ ಹೆಸರನ್ನು ಮೊಮ್ಮಗನಿಗಿಡುವ ರೂಢಿ ನಮ್ಮಲ್ಲಿ ಹೊಸದಲ್ಲ. ಆದರೆ ಹದಿನೆಂಟು, ಇಪ್ಪತ್ತರ ಹುಡುಗನಾಗಿ ಅಮೃತಾಪುರದಲ್ಲಿ ಉಳಿ ಹಿಡಿದವನು ಎಂಬತ್ತರ ಮುದುಕನಾಗಿ ಸೋಮನಾಥಪುರದಲ್ಲಿ ಕುಳಿತಿದ್ದ ಎಂದರೆ ನಂಬಲಾಗದ ಮಾತೇನೂ ಅಲ್ಲ. ಕಲಾ ಇತಿಹಾಸದ ಪುಸ್ತಕಗಳು ಮಲ್ಲಿತಮ್ಮನಿಗೆ ಅರವತ್ತು ವರ್ಷಗಳ ವೃತ್ತಿಜೀವನವನ್ನು ಕೊಡುತ್ತವೆ. ಇಬ್ಬರು ಎಂದೇ ಇಟ್ಟುಕೊಂಡರೂ, ಒಂದು ಹೆಸರಿನಡಿ ಒಂದು ಕಸುಬು ಅರವತ್ತು ವರ್ಷ ಮುರಿಯದೆ ನಡೆಯಿತು ಎಂಬುದಂತೂ ಉಳಿಯುತ್ತದೆ.

ಈಗ ಆ ದಿನಗಳ ಕೆಲಸ ಹೇಗಿತ್ತೆಂದು ನೋಡೋಣ. ಹೊಯ್ಸಳರ ಗುಡಿಗಳ ಕಲ್ಲು ಬಳಪದ ಕಲ್ಲು. ಹಿಂದೆ ಶಾಲೆಯ ಮಕ್ಕಳು ಸ್ಲೇಟಿನ ಮೇಲೆ ಬರೆಯುತ್ತಿದ್ದ ಬಳಪ ಇದೇ ಜಾತಿಯದು. ನೆಲದಿಂದ ಎತ್ತಿದಾಗ ಮೆದುವಾಗಿದ್ದು, ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುವ ಗುಣ ಇದಕ್ಕಿದೆ. ಕಂಬಗಳನ್ನು ಚರಕಿಯ ಮೇಲೆ ತಿರುಗಿಸಿ ಕಡೆಯಲು, ಕೊರಳ ಸರದ ಮಣಿಮಣಿಯನ್ನೂ ಬಿಡಿಸಿ ತೋರಿಸಲು ಸಾಧ್ಯವಾದದ್ದು ಈ ಕಲ್ಲಿನಿಂದ. ಬೆಣಚುಕಲ್ಲಿನಲ್ಲಿ ಕೆಲಸ ಮಾಡಿದ ತಮಿಳುನಾಡಿನ ಶಿಲ್ಪಿಗೆ ಈ ಸಲಿಗೆ ಸಿಗಲಿಲ್ಲ. ಆದರೆ ಮೆದು ಕಲ್ಲು ಕೆಲಸವನ್ನು ಕಡಿಮೆ ಮಾಡುವುದಿಲ್ಲ, ಹೆಚ್ಚು ಮಾಡುತ್ತದೆ. ಬಿಡಿಸಲು ಬರುತ್ತದೆ ಎಂದ ಮೇಲೆ ಬಿಡಿಸಲೇಬೇಕು.

ಮಲ್ಲಿತಮ್ಮನ ಕಾಲಕ್ಕೆ ಗುಡಿಯ ಗೋಡೆಗೊಂದು ಕಟ್ಟು ಏರ್ಪಟ್ಟಿತ್ತು. ಹಾರನಹಳ್ಳಿಯಲ್ಲಿ ಅದನ್ನು ಚೆನ್ನಾಗಿ ನೋಡಬಹುದು. ಬುಡದಲ್ಲಿ ಒಂದರ ಮೇಲೊಂದು ಆರು ಪಟ್ಟಿಕೆಗಳು: ಆನೆ, ಕುದುರೆ ಸವಾರರು, ಬಳ್ಳಿ, ಪುರಾಣದ ಕಥೆ, ಮಕರ, ಹಂಸ. ಅದರ ಮೇಲೆ ದೇವತೆಗಳ ದೊಡ್ಡ ವಿಗ್ರಹಗಳ ಸಾಲು. ಅದರ ಮೇಲೆ ಸೂರು, ಪುಟ್ಟ ಗೋಪುರಗಳ ಸಾಲು, ಮತ್ತೆ ದೊಡ್ಡ ಸೂರು. ಈ ಗುಡಿಯನ್ನು ಕಟ್ಟಿಸಿದವರು ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಸಣ್ಣ ಎಂಬ ಮೂವರು ಅಣ್ಣತಮ್ಮಂದಿರು. ಪಕ್ಕದಲ್ಲಿಯೇ ಅವರದೇ ಸೋಮೇಶ್ವರನ ಗುಡಿಯೂ ಇದೆ. ರಾಜನಲ್ಲ, ರಾಜಧಾನಿಯಲ್ಲ, ಹಣವಂತರಾದ ಒಂದು ಮನೆತನ ತಮ್ಮ ಊರಿನಲ್ಲಿ ಹರಿ, ಹರ ಇಬ್ಬರಿಗೂ ಗುಡಿ ಕಟ್ಟಿಸಿತು. ಇದಕ್ಕೆ ಸ್ವಲ್ಪ ಮುಂಚೆ, 1220ರಲ್ಲಿ, ಅರಸೀಕೆರೆಯಲ್ಲಿ ನಕ್ಷತ್ರದಾಕಾರದ ತೆರೆದ ಮಂಟಪವುಳ್ಳ ಶಿವಾಲಯ ಎದ್ದಿತ್ತು. ಆ ಕಾಲದಲ್ಲಿ ಈ ಬಯಲುಸೀಮೆಯ ಅಂಚಿನ ಊರೂರಿನಲ್ಲಿ ಕಲ್ಲಿನ ಕೆಲಸವಿತ್ತು. ಮಲ್ಲಿತಮ್ಮ ಊರಿಂದೂರಿಗೆ ಹೋದದ್ದಕ್ಕೆ ಮೊದಲ ಕಾರಣ ಇದೇ. ಕಲಾವಿದನಿಗೂ ಹೊಟ್ಟೆಯಿದೆ, ಕೆಲಸ ಎಲ್ಲಿಯೋ ಅಲ್ಲಿ ಅವನು.

ಹೊಟ್ಟೆಯೊಂದೇ ಕಾರಣವೇ? ಅದನ್ನು ತಿಳಿಯಲು ಗೋಡೆಯ ವಿಗ್ರಹಗಳನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. ವೈಷ್ಣವ ಗುಡಿಯ ಗೋಡೆಯಲ್ಲಿ ವಿಷ್ಣುವಿನ ಇಪ್ಪತ್ತನಾಲ್ಕು ರೂಪಗಳು ಮತ್ತೆ ಮತ್ತೆ ಬರುತ್ತವೆ. ಕೇಶವ, ನಾರಾಯಣ, ಮಾಧವ, ಗೋವಿಂದ ಎಂದು ಸಂಧ್ಯಾವಂದನೆಯಲ್ಲಿ ಹೇಳುವ ಹೆಸರುಗಳೇ. ನಿಂತ ಭಂಗಿ ಒಂದೇ, ಕಿರೀಟ ಒಂದೇ, ಕೈ ನಾಲ್ಕೇ. ಬದಲಾಗುವುದು ಶಂಖ, ಚಕ್ರ, ಗದೆ, ಪದ್ಮಗಳು ಯಾವ ಕೈಯಲ್ಲಿವೆ ಎಂಬುದು ಮಾತ್ರ. ನಾಲ್ಕು ವಸ್ತುಗಳನ್ನು ನಾಲ್ಕು ಕೈಗಳಲ್ಲಿ ಇಡುವ ಬಗೆ ಲೆಕ್ಕ ಹಾಕಿದರೆ ಸರಿಯಾಗಿ ಇಪ್ಪತ್ತನಾಲ್ಕು. ಒಂದು ಕೈ ತಪ್ಪಿದರೂ ದೇವರೇ ಬೇರೆಯಾಗುತ್ತಾನೆ! ಹೀಗೆ ನಿಯಮದ ಬೇಲಿಯೊಳಗೆ ಶಿಲ್ಪಿ ಕೆಲಸ ಮಾಡಬೇಕು. ಅರವತ್ತು ವರ್ಷದಲ್ಲಿ ಅವನು ಇಂಥ ವಿಷ್ಣುವನ್ನು ಎಷ್ಟು ಸಲ ಕಡೆದಿದ್ದಾನೋ! ಬೇಸರ ಬಂದಿದ್ದರೆ ಕಲ್ಲು ಅದನ್ನು ಹೇಳಿಬಿಡುತ್ತಿತ್ತು.

ನುಗ್ಗೇಹಳ್ಳಿ ಈ ದೃಷ್ಟಿಯಿಂದ ಒಂದು ಅಪರೂಪದ ಜಾಗ. ಸೋಮೇಶ್ವರನ ದಂಡನಾಯಕ ಬೊಮ್ಮಣ್ಣ 1246ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಗೋಡೆಯನ್ನು ಇಬ್ಬರು ಹಂಚಿಕೊಂಡರು. ದಕ್ಷಿಣದ ಕಡೆ ನಂದಿಯ ಬೈಚೋಜ, ಉತ್ತರದ ಕಡೆ ಮಲ್ಲಿತಮ್ಮ. ಒಂದೇ ಗುಡಿ, ಒಂದೇ ಕಲ್ಲು, ಒಂದೇ ಶಾಸ್ತ್ರ. ಆದರೂ ಎರಡು ಕಡೆಯ ವಿಗ್ರಹಗಳು ಒಂದೇ ಅಲ್ಲ. ಬೈಚೋಜನ ದೇವತೆಗಳಲ್ಲಿ ಅಳತೆಯ ಅಂದ, ಗಾಂಭೀರ್ಯ ಹೆಚ್ಚು. ಮಲ್ಲಿತಮ್ಮನವು ಸ್ವಲ್ಪ ಒರಟು, ಆದರೆ ಚುರುಕು. ಹೊಯ್ಸಳ ಗುಡಿಗಳನ್ನು ಊರೂರು ಸುತ್ತಿ ಅಧ್ಯಯನ ಮಾಡಿದ ಡಚ್ ವಿದ್ವಾಂಸ ಗೆರಾರ್ಡ್ ಫೂಕೆಮ ಮುಂತಾದವರು ಈ ಇಬ್ಬರ ಕೈಯನ್ನು ಬೇರೆ ಬೇರೆಯಾಗಿ ಗುರುತಿಸಿದ್ದಾರೆ. ಶಾಸ್ತ್ರ ದೇವರ ಕೈಯಲ್ಲಿ ಏನಿರಬೇಕೆಂದು ಹೇಳುತ್ತದೆ. ಸೊಂಟ ಎಷ್ಟು ಬಳುಕಬೇಕು, ತುಟಿಯ ಅಂಚು ಎಷ್ಟು ನಗಬೇಕು ಎಂಬುದು ಉಳಿಯ ತುದಿಯಲ್ಲೇ ತೀರ್ಮಾನವಾಗಬೇಕು. ಮಲ್ಲಿತಮ್ಮನ ಸ್ವಾತಂತ್ರ್ಯ ಇದ್ದದ್ದು ಅಷ್ಟು ಜಾಗದಲ್ಲಿ. ಆ ಅಷ್ಟು ಜಾಗ ಒಂದು ಜೀವಮಾನಕ್ಕೆ ಸಾಲುವಷ್ಟಿತ್ತು.

ಸೋಮನಾಥಪುರಕ್ಕೆ ಬರುವ ಹೊತ್ತಿಗೆ ಅವನು ತಂಡದ ಹಿರಿಯ. ಮುಮ್ಮಡಿ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ ಕೇಶವ ದೇವಾಲಯದ ಹೊರಗೋಡೆಯಲ್ಲಿ 194 ದೊಡ್ಡ ವಿಗ್ರಹಗಳಿವೆ. ಅವುಗಳಲ್ಲಿ ಸುಮಾರು 40ರ ಮೇಲೆ ಮಲ್ಲಿತಮ್ಮನ ಸಹಿ. ಬಾಲೆಯ, ಚೌಡೆಯ, ಬಾಮಯ, ಮಸಣಿತಮ್ಮ, ಭರ್ಮಯ, ನಂಜಯ, ಯಲಮಸಯ ಎಂಬ ಬೇರೆ ರೂವಾರಿಗಳ ಹೆಸರುಗಳೂ ಇವೆ. ಆದರೆ ಯಾರೊಬ್ಬರದೂ ಮಲ್ಲಿತಮ್ಮನಷ್ಟು ಸಲ ಬರುವುದಿಲ್ಲ. ಗಮನಿಸಬೇಕಾದ ಮುಖ್ಯ ಸಂಗತಿ ಅವನ ಸಹಿಯ ರೀತಿ. ಕೆಲವು ಕಡೆ ಪೂರ್ತಿಯಾಗಿ ‘ಮಲ್ಲಿತಮ್ಮ’. ಕೆಲವು ಕಡೆ ‘ಮಲ್ಲಿ’. ಇನ್ನು ಕೆಲವು ಕಡೆ ಬರೇ ‘ಮ’.

ಬೇಲೂರಿನ ಚಾವಣನನ್ನು ಒಮ್ಮೆ ನೆನೆಯಿರಿ. ತಂದೆ, ಊರು, ಬಿರುದು, ಎದುರಾಳಿಗಳಿಗೆ ಬೆದರಿಕೆ, ಎಲ್ಲ ಸೇರಿ ಒಂದು ಸಹಿ. ನೂರಕ್ಕೂ ಹೆಚ್ಚು ವರ್ಷಗಳ ನಂತರ, ಆ ನಾಡಿನಲ್ಲೇ ಹೆಚ್ಚು ಕೆಲಸ ಮಾಡಿದ ರೂವಾರಿ ಒಂದಕ್ಷರಕ್ಕೆ ಇಳಿದಿದ್ದಾನೆ. ಯಾಕೆ?

ಕೂಲಿಯ ಲೆಕ್ಕಕ್ಕೆ ಎಂದು ಹೇಳಬಹುದು. ಯಾವ ವಿಗ್ರಹ ಯಾರದೆಂದು ಗುರುತಿದ್ದರೆ ಸಂಬಳ ಕೊಡುವವರಿಗೆ ಅನುಕೂಲ. ಇದರಲ್ಲಿ ಸತ್ಯವಿರಬಹುದು, ಆದರೆ ಪೂರ್ತಿ ಸತ್ಯವಾಗಲಾರದು. ಲೆಕ್ಕಕ್ಕಷ್ಟೇ ಆಗಿದ್ದರೆ ಪ್ರತಿ ವಿಗ್ರಹದ ಮೇಲೂ ಗುರುತು ಬೇಕಿತ್ತು. ಸಹಿಯಿಲ್ಲದ ವಿಗ್ರಹಗಳು ಬೇಕಾದಷ್ಟಿವೆ. ಲೆಕ್ಕಕ್ಕೆ ಒಂದು ಗೆರೆ, ಒಂದು ಚುಕ್ಕೆಯೂ ಸಾಕು. ಕೆಲಸ ಮುಗಿದ ಮೇಲೆ ಕಾಣುವ ಜಾಗದಲ್ಲಿ ಹೆಸರು ಬಿಡಬೇಕಾಗಿಲ್ಲ. ಇನ್ನು ಕೀರ್ತಿಗೆ ಎನ್ನೋಣವೇ? ಕೀರ್ತಿ ಬೇಕಾದವನು ‘ಮ’ ಎಂದು ಬರೆದು ಸುಮ್ಮನಾಗುತ್ತಾನೆಯೇ? ಅಳಿದು ಹೋಗಬೇಕೆಂಬ ವಿನಯವೂ ಅಲ್ಲ. ಹಾಗಿದ್ದರೆ ಆ ಒಂದಕ್ಷರವೂ ಇರುತ್ತಿರಲಿಲ್ಲ.

ಆ ಸಹಿಗಳನ್ನು ಒಂದೊಂದಾಗಿ ಅಲ್ಲ, ಎಲ್ಲವನ್ನೂ ಒಟ್ಟಿಗೆ ಇಟ್ಟುಕೊಂಡು ನೋಡಿದರೆ ಉತ್ತರ ಸಿಗುತ್ತದೆ. ‘ಮ’ ಎಂಬುದು ಪರಿಚಯವಿಲ್ಲದವರಿಗೆ ಬರೆದ ಸಹಿಯಲ್ಲ. ನೋಡಿದೊಡನೆ ಇದು ಯಾರದೆಂದು ತಿಳಿಯುವ ಜನರ ನಡುವೆ ಬರೆದದ್ದು: ಪಕ್ಕದ ಕಲ್ಲಿನ ಮುಂದೆ ಕುಳಿತಿದ್ದ ಬಾಲೆಯ, ಚೌಡೆಯರಿಗೆ, ಕೆಲಸ ಮಾಡಿಸುತ್ತಿದ್ದವರಿಗೆ, ಎಲ್ಲಕ್ಕಿಂತ ಹೆಚ್ಚಾಗಿ ತನಗೆ. ಇದು ತನ್ನ ಕೈಯದು, ಇದರ ಒಳಿತು ಕೆಡುಕು ತನ್ನದು ಎಂದು ಒಪ್ಪಿಕೊಳ್ಳುವ ಮಾತು. ಚಾವಣನ ಸಹಿ ಸವಾಲಾದರೆ, ಮಲ್ಲಿತಮ್ಮನದು ಜವಾಬುದಾರಿ. ದಾಸೋಜ, ಚಾವಣರು ಹೊಸ ನಾಡಿಗೆ ಬಂದವರು. ಅವರಿಗೆ ತಮ್ಮನ್ನು ಸ್ಥಾಪಿಸಿಕೊಳ್ಳುವ ಅಗತ್ಯವಿತ್ತು. ಮಲ್ಲಿತಮ್ಮನಿಗೆ ಆ ಅಗತ್ಯ ತೀರಿತ್ತು, ಕೆಲಸ ಮಾತ್ರ ತೀರಿರಲಿಲ್ಲ. ಕಲೆಯನ್ನು ಯಾಕೆ ಮಾಡಬೇಕು ಎಂಬುದಕ್ಕೆ ಅವನು ಬಿಟ್ಟುಹೋದ ಉತ್ತರ ಇಷ್ಟೇ: ಅದು ತನ್ನ ಕೆಲಸ, ಚೆನ್ನಾಗಿ ಮಾಡಬೇಕು, ಮಾಡಿದ್ದು ತಾನೇ ಎಂದು ಹೇಳಲು ಹಿಂಜರಿಯದಷ್ಟು ಚೆನ್ನಾಗಿ.

ಅದೇ ಹನ್ನೆರಡನೆಯ ಶತಮಾನದಲ್ಲಿ ಫ್ರಾನ್ಸಿನ ಓತನ್ ಎಂಬ ಊರಿನ ಚರ್ಚಿನ ಬಾಗಿಲ ಮೇಲೆ ಗಿಸ್ಲೆಬೆರ್ಟಸ್ ಎಂಬ ಹೆಸರನ್ನು ಕೆತ್ತಲಾಯಿತು. ಯುರೋಪಿನ ಕಲಾ ಇತಿಹಾಸದಲ್ಲಿ ಅದರ ಬಗ್ಗೆ ಪುಸ್ತಕಗಳೇ ಬಂದಿವೆ. ಆ ಹೆಸರು ಶಿಲ್ಪಿಯದೋ, ಹಣ ಕೊಟ್ಟವನದೋ ಎಂಬ ಚರ್ಚೆಯೂ ನಡೆದಿದೆ. ಒಂದು ಹೆಸರಿಗೆ ಅಷ್ಟು ಮರ್ಯಾದೆ. ಹೊಯ್ಸಳರ ಗುಡಿಗಳಲ್ಲಿ ಅಂಥ ಹೆಸರುಗಳು ಹತ್ತಾರು, ಅವು ಶಿಲ್ಪಿಗಳವೇ ಎಂಬುದರಲ್ಲಿ ಸಂದೇಹಕ್ಕೂ ಎಡೆಯಿಲ್ಲ. ಆದರೂ ನಮ್ಮಲ್ಲಿ ಅವುಗಳನ್ನು ಓದುವವರು ಕಡಿಮೆ.

ಓದಿದವರನ್ನು ಇಲ್ಲಿ ನೆನೆಯಲೇಬೇಕು. ಮೈಸೂರು ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಆರ್. ನರಸಿಂಹಾಚಾರ್ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಊರೂರು ಅಲೆದು ಈ ಸಹಿಗಳನ್ನು ಕಲೆಹಾಕಿದರು. ಸೋಮನಾಥಪುರದ ಬಗ್ಗೆ 1917ರಲ್ಲಿ, ಬೇಲೂರಿನ ಬಗ್ಗೆ 1919ರಲ್ಲಿ ಅವರ ಕಿರುಗ್ರಂಥಗಳು ಬಂದವು. ಕನ್ನಡ ಕವಿಗಳ ಕಾಲ, ದೇಶಗಳನ್ನು ಗೊತ್ತುಮಾಡಿದ ‘ಕರ್ನಾಟಕ ಕವಿಚರಿತೆ’ಯ ಕರ್ತೃವೂ ಅವರೇ. ಜನ್ನನ ಚರಿತ್ರೆ ಬರೆದ ಕೈಯೇ ಮಲ್ಲಿತಮ್ಮನ ‘ಮ’ವನ್ನೂ ಗುರುತುಹಾಕಿಕೊಂಡಿತು. ಕವಿ ಬೇರೆಯಲ್ಲ, ರೂವಾರಿ ಬೇರೆಯಲ್ಲ ಎಂದು ಆ ಹಿರಿಯರು ತಿಳಿದಿದ್ದರು. ಮುಂದೆ ಷ. ಶೆಟ್ಟರ್ ಅವರು ಹೊಯ್ಸಳ ದೇವಾಲಯಗಳ ಬಗ್ಗೆ 1992ರಲ್ಲಿ ತಂದ ದೊಡ್ಡ ಗ್ರಂಥದಲ್ಲಿ ಶಿಲ್ಪಿಗಳಿಗೆ ತಕ್ಕ ಸ್ಥಾನ ಸಿಕ್ಕಿತು. ಆದರೆ ಕವಿಚರಿತೆ ಪಠ್ಯಪುಸ್ತಕಕ್ಕೆ ಇಳಿದಂತೆ ರೂವಾರಿಗಳ ಚರಿತೆ ಇಳಿಯಲಿಲ್ಲ.

ಮಲ್ಲಿತಮ್ಮನ ಕಾಲ ಮುಗಿದು ಅರ್ಧ ಶತಮಾನ ಕಳೆಯುವಷ್ಟರಲ್ಲಿ ಆ ಕಸುಬಿನ ದಾರಿಯೇ ಮುಚ್ಚಿತು. 1311ರಲ್ಲಿ ಮಲಿಕ್ ಕಾಫೂರನ ದಂಡು ದೋರಸಮುದ್ರಕ್ಕೆ ಬಂತು. 1327ರ ಹೊತ್ತಿಗೆ ದೆಹಲಿಯ ಸೇನೆ ಮತ್ತೆ ಬಂದು ರಾಜಧಾನಿ ಹಾಳಾಯಿತು. ಹಳೆಯ ಬೀಡು ಹಳೇಬೀಡಾಯಿತು. ಕಟ್ಟಿಸುವ ದಂಡನಾಯಕರಿಲ್ಲದ ಮೇಲೆ ಕಡೆಯುವ ರೂವಾರಿ ಎಲ್ಲಿಗೆ ಹೋಗಬೇಕು? ಮುಂದೆ ವಿಜಯನಗರದ ಕಾಲ ಬಂದಾಗ ಕಲ್ಲೇ ಬದಲಾಯಿತು, ಬಳಪದ ಕಲ್ಲಿನ ಜಾಗಕ್ಕೆ ಬೆಣಚುಕಲ್ಲು ಬಂತು. ವಿಗ್ರಹದ ಬುಡದಲ್ಲಿ ಹೆಸರು ಕೊರೆಯುವ ಆ ಹೊಯ್ಸಳ ಪದ್ಧತಿಯೂ ಹಿಂದೆ ಉಳಿಯಿತು. ಅಷ್ಟರ ಮಟ್ಟಿಗೆ ಮಲ್ಲಿತಮ್ಮ ಒಂದು ಪರಂಪರೆಯ ಕೊನೆಯ ದೊಡ್ಡ ಹೆಸರು.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನಾಡಿಗೆಲ್ಲ ಹೆಮ್ಮೆಯ ವಿಷಯ. ಪ್ರವಾಸಿಗಳು ಹೆಚ್ಚುತ್ತಾರೆ, ರಸ್ತೆಗಳು ಸುಧಾರಿಸುತ್ತವೆ. ಆದರೆ ಪಟ್ಟಿಯಲ್ಲಿರುವುದು ಮೂರು ಊರು. ಮಲ್ಲಿತಮ್ಮನ ಬದುಕು ಹರಡಿರುವುದು ಆರು ಊರುಗಳಲ್ಲಿ. ಅವನ ಮುಪ್ಪಿನ ಕೆಲಸವಿರುವ ಸೋಮನಾಥಪುರ ಜಗತ್ತಿಗೆ ಸೇರಿತು. ನಡುವಯಸ್ಸು ಕಳೆದ ಹಾರನಹಳ್ಳಿ, ಜಾವಗಲ್‌ಗಳು ಹೊರಗುಳಿದವು. ಜಾವಗಲ್ ಎಂದರೆ ಹೆಚ್ಚಿನವರಿಗೆ ವೇಗದ ಬೌಲರ್ ಶ್ರೀನಾಥ್ ಅವರ ಹೆಸರಿನ ಮುಂದಿನ ಊರು, ಅಷ್ಟೇ. ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲಿಳಿದು ಹಾಸನದ ಬಸ್ಸು ಹತ್ತಿದವರು ಹಾರನಹಳ್ಳಿಯನ್ನು ದಾಟುತ್ತಾರೆ. ಹಳೇಬೀಡಿನ ಬಸ್ಸು ಹತ್ತಿದವರು ಜಾವಗಲ್ಲನ್ನು ದಾಟುತ್ತಾರೆ. ಕಿಟಕಿಯಾಚೆ ಒಬ್ಬ ದೊಡ್ಡ ಕಲಾವಿದನ ಜೀವಮಾನದ ಒಂದು ಭಾಗ ಸರಿದುಹೋಗುತ್ತದೆ.

ಬೆರಳಗಲದ ಈ ಬರಹಗಳಿಗೆ ಬೇಲಿ, ಕಾವಲುಗಾರರಿಗಿಂತ ಹೆಚ್ಚಿನ ರಕ್ಷಣೆ ಸಿಗಬೇಕಾದದ್ದು ತಿಳಿವಳಿಕೆಯಿಂದ. ಬಳಪದ ಕಲ್ಲು ಗಟ್ಟಿಯಾದರೂ ಉಜ್ಜಿದರೆ ಸವೆಯುತ್ತದೆ. ಎಣ್ಣೆ, ಸುಣ್ಣ, ತೊಳೆಯುವ ಉಜ್ಜುಗ, ಕುಳಿತವರ ಬೆನ್ನು, ಇವೆಲ್ಲ ಮೊದಲು ಅಳಿಸುವುದು ದೊಡ್ಡ ವಿಗ್ರಹವನ್ನಲ್ಲ, ಅದರ ಕೆಳಗಿನ ಅಕ್ಷರವನ್ನು. ವಿಗ್ರಹದ ಮೂಗು ಮುರಿದರೆ ಊರೆಲ್ಲ ನೋಡುತ್ತದೆ. ಪೀಠದ ‘ಮ’ ಅಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಹಾರನಹಳ್ಳಿ, ಜಾವಗಲ್ಲುಗಳ ಶಾಲೆಯ ಮಕ್ಕಳಿಗೆ ಹಳಗನ್ನಡದ ಲಿಪಿಯ ನಾಲ್ಕಕ್ಷರ ಗುರುತಿಸಲು ಕಲಿಸಿ, ಅವರ ಊರಿನ ಗುಡಿಯ ಸಹಿಗಳನ್ನು ಅವರಿಂದಲೇ ಓದಿಸಿದರೆ, ಆ ಬರಹಗಳನ್ನು ಕಾಯಲು ಬೇರೆ ಕಾವಲು ಬೇಕಾಗಲಾರದು.

ಜಕಣಾಚಾರಿಯ ಕಥೆಯನ್ನು ಮಕ್ಕಳಿಗೆ ಹೇಳುವುದು ನಿಲ್ಲಬೇಕಾಗಿಲ್ಲ. ಅದರ ಜೊತೆಗೆ ಇನ್ನೊಂದು ಕಥೆಯನ್ನೂ ಹೇಳಬಹುದು. ಅದರಲ್ಲಿ ಕಪ್ಪೆಯಿಲ್ಲ, ಕತ್ತರಿಸಿದ ಕೈಯಿಲ್ಲ, ಪವಾಡವೂ ಇಲ್ಲ. ಒಬ್ಬ ಮನುಷ್ಯ ಊರಿಂದೂರಿಗೆ ಹೋಗಿ, ಅರವತ್ತು ವರ್ಷ, ಶಂಖ, ಚಕ್ರ, ಗದೆ, ಪದ್ಮಗಳನ್ನು ಸರಿಯಾದ ಕೈಗಳಲ್ಲಿಟ್ಟು, ಪ್ರತಿ ಸಲವೂ ಮುಖಕ್ಕೆ ಹೊಸ ಕಳೆ ತಂದ. ಮುಗಿಸಿದ ಮೇಲೆ ಬಗ್ಗಿ ಬುಡದಲ್ಲಿ ತನ್ನ ಹೆಸರು ಬರೆದ. ಆ ಹೆಸರನ್ನು ಓದಬೇಕಾದರೆ ಇಂದಿನವರೂ ಅವನಂತೆಯೇ ಬಗ್ಗಬೇಕು.